ಬೀಗಲ್ ಮರಿ ತರೋಣ ಅಂತಿದ್ದೀವಿ, ಸಾಕಿದವರು ಇದ್ದದ್ದು ಇದ್ದ ಹಾಗೆ ಹೇಳಿ

ಅಂಗಳದವಳು:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ, ಬೀಗಲ್ ಮರಿಯೇ ಬೇಕು ಅಂತ ಹಟ ಹಿಡಿದಿದ್ದಾಳೆ. ವಿಚಾರಿಸಿದ ಕಡೆಯೆಲ್ಲ ಎರಡು ಥರದ ಮಾತು. ಒಬ್ಬರು "ಅಷ್ಟು ಸಾಧು ನಾಯಿ ಇನ್ನೊಂದಿಲ್ಲ, ಮಕ್ಕಳಿರೋ ಮನೆಗೆ ಹೇಳಿ ಮಾಡಿಸಿದ್ದು" ಅಂತಾರೆ. ಇನ್ನೊಬ್ಬರು "ಕರೆದರೆ ಬರಲ್ಲ, ಊಳಿಟ್ಟು ಬೀದಿ ಎಬ್ಬಿಸುತ್ತೆ, ಸಿಕ್ಕಿದ್ದೆಲ್ಲ ತಿನ್ನುತ್ತೆ" ಅಂತಾರೆ. ಇಬ್ಬರೂ ಒಂದೇ ತಳಿ ಬಗ್ಗೆ ಮಾತಾಡ್ತಿದ್ದಾರಾ? ನಮಗೆ ಹಿತ್ತಲಿದೆ, ಸುತ್ತ ಎದೆಮಟ್ಟದ ಬೇಲಿ ಇದೆ. ವಾರದಲ್ಲಿ ಎರಡು ದಿನ ಬಿಟ್ಟರೆ ಹಗಲು ಯಾರಾದರೊಬ್ಬರು ಮನೆಯಲ್ಲಿರ್ತೀವಿ.

ನೆಲಮೂಗು:
ಒಂದೇ ತಳಿ, ಮೇಡಂ. ಇಬ್ಬರು ಹೇಳಿದ್ದೂ ನಿಜ, ಎರಡಕ್ಕೂ ಬೇರು ಒಂದೇ.

ಬೀಗಲ್ ಅನ್ನೋದು ಇಂಗ್ಲೆಂಡಿನಲ್ಲಿ ಮೊಲದ ಜಾಡು ಹಿಡಿಯೋದಕ್ಕೆ ಅಂತಲೇ ಬೆಳೆಸಿದ ನಾಯಿ. ನರಿ ಬೇಟೆಗೆ ಕುದುರೆ, ದೊಡ್ಡ ಫಾಕ್ಸ್‌ಹೌಂಡ್ ಎಲ್ಲ ಬೇಕಾಗ್ತಿತ್ತು. ಬೀಗಲ್ ಹಿಂದೆ ಮಾತ್ರ ಕಾಲ್ನಡಿಗೆಯಲ್ಲೇ ಹೋಗಬಹುದಿತ್ತು, ಅದಕ್ಕೇ ಕುದುರೆ ಇಲ್ಲದವರೂ ಇದನ್ನ ಸಾಕಿದರು. ಇವತ್ತಿನ ಬೀಗಲ್‌ನ ವಂಶ ಹಿಡಿದು ಹಿಂದಕ್ಕೆ ಹೋದರೆ 1830ರ ದಶಕದಲ್ಲಿ ಎಸೆಕ್ಸ್‌ನ ಫಿಲಿಪ್ ಹನಿವುಡ್ ಅನ್ನೋ ಪಾದ್ರಿ ಕಟ್ಟಿದ ಗುಂಪು ಸಿಗುತ್ತೆ. ಗುಂಪು ಅನ್ನೋದನ್ನ ಗಮನಿಸಿ. ಹತ್ತಾರು ನಾಯಿ ಒಟ್ಟಿಗೆ ಮಲಗಬೇಕು, ಒಟ್ಟಿಗೆ ತಿನ್ನಬೇಕು, ಒಟ್ಟಿಗೆ ಓಡಬೇಕು. ಜಗಳಗಂಟ ನಾಯಿಯನ್ನ ಅಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ, ಅದರ ಮರಿಯನ್ನೂ ಬೆಳೆಸಲಿಲ್ಲ. ಅದಕ್ಕೇ ಇವು ಸಾಧು.

ಇನ್ನು ಮಾತು ಕೇಳದ ವಿಷಯ. ಕುರಿ ಕಾಯೋ ನಾಯಿ ಹೆಜ್ಜೆಗೊಮ್ಮೆ ಕುರುಬನ ಮುಖ ನೋಡಬೇಕು, ಅದರ ಕೆಲಸವೇ ಹಾಗೆ. ಜಾಡು ಹಿಡಿಯೋ ನಾಯಿ ಮನುಷ್ಯನ ಮುಖ ನೋಡ್ತಾ ನಿಂತರೆ ಮೊಲ ಆಚೆ ದಿಬ್ಬ ದಾಟಿರುತ್ತೆ. ಮುಂದೇನು ಮಾಡಬೇಕು ಅಂತ ತಾನೇ ತೀರ್ಮಾನಿಸೋ ನಾಯಿಯನ್ನೇ ತಲೆಮಾರುಗಟ್ಟಲೆ ಆರಿಸಿಕೊಂಡು ಬಂದು, ಈಗ ಪಾರ್ಕಿನಲ್ಲಿ ನಿಂತು "ಬಾರೋ" ಅಂದ ತಕ್ಷಣ ಬರಲಿಲ್ಲ ಅಂತ ಬೈದರೆ ಹೇಗೆ? ಊಳಿಡೋದೂ ಅಷ್ಟೇ. ನಾಯಿ ಪೊದೆಯೊಳಗೆ ಕಾಣಿಸದೆ ಹೋದಾಗ ಎಲ್ಲಿದೆ, ಜಾಡು ಸಿಕ್ಕಿತೋ ತಪ್ಪಿತೋ ಅಂತ ಬೇಟೆಗಾರನಿಗೆ ಗೊತ್ತಾಗ್ತಿದ್ದದ್ದು ಆ ದನಿಯಿಂದಲೇ.

ಕಿವುಡಾದ ನೆರೆಮನೆ:
ನಾನು ಬೀಗಲ್ ಸಾಕಿಲ್ಲ. ಗೋಡೆಯ ಈ ಕಡೆ ವಾಸ ಮಾಡ್ತೀನಿ. ಆ ದನಿ ಬೇಟೆಗಾರನಿಗೆ ಮೈಲಿ ದೂರ ಕೇಳಿಸಲಿ ಅಂತ ಮಾಡಿದ್ದು ಅಂತ ಈಗ ತಿಳೀತು, ಧನ್ಯವಾದ. ಕೇಳಿಸುತ್ತೆ.

ಲೆಕ್ಕದವ:
ನೆಲಮೂಗು ಸರ್ ಹೇಳಿದ ಇತಿಹಾಸ ಒಪ್ಪುತ್ತೀನಿ. ಆದರೆ "ಬೀಗಲ್ ಮೂಗು ಅಂದ್ರೆ ಮೂಗು" ಅಂತ ಎಲ್ಲರೂ ಹೇಳೋದಕ್ಕೆ ಪುರಾವೆ ಏನಿದೆ? ಎಲ್ಲ ನಾಯಿಗೂ ಮೂಗಿದೆಯಲ್ಲ. ಇನ್ನೊಂದು ಕೇಳಿದ್ದೀನಿ, ಉದ್ದ ಕಿವಿ ನೆಲಕ್ಕೆ ತಾಗಿ ವಾಸನೆಯನ್ನ ಮೂಗಿನ ಕಡೆ ಗುಡಿಸುತ್ತೆ ಅಂತ. ಇದು ನಂಬೋ ಮಾತಾ?

ಜಾಡುಗಾರ:
ನಾನು ನಾಯಿಗಳಿಗೆ ವಾಸನೆ ಹುಡುಕೋ ತರಬೇತಿ ಕೊಡೋನು, ಇದಕ್ಕೆ ಉತ್ತರ ಕೊಡಬಲ್ಲೆ.

1950ರ ದಶಕದಲ್ಲಿ ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಾಯಿಗಳ ನಡವಳಿಕೆ ಮೇಲೆ ದೊಡ್ಡ ಅಧ್ಯಯನ ಮಾಡಿದರು. ಅದರಲ್ಲಿ ಒಂದು ಪರೀಕ್ಷೆ ಹೀಗಿತ್ತು: ಒಂದು ಎಕರೆ ಬಯಲಲ್ಲಿ ಒಂದು ಸುಂಡಿಲಿ ಬಿಟ್ಟು, ಹುಡುಕೋಕೆ ನಾಯಿ ಬಿಡೋದು. ಬೀಗಲ್‌ಗಳು ಸುಮಾರು ಒಂದು ನಿಮಿಷದಲ್ಲಿ ಹುಡುಕಿದವು. ಫಾಕ್ಸ್ ಟೆರಿಯರ್‌ಗಳಿಗೆ ಹದಿನೈದು ನಿಮಿಷ ಹಿಡೀತು. ಸ್ಕಾಟಿಷ್ ಟೆರಿಯರ್‌ಗಳಿಗೆ ಸಿಗಲೇ ಇಲ್ಲ. ಮೂಗೇ ಬೇರೆ ಅಂತ ಇದರಿಂದ ಪೂರ್ತಿ ಹೇಳೋಕಾಗಲ್ಲ. ಮೂಗನ್ನ ನೆಲಕ್ಕೆ ಹಚ್ಚಿ ಬಿಡದೆ ಹುಡುಕ್ತಾ ಹೋಗೋ ಬುದ್ಧಿಯೂ ತಳಿಯಲ್ಲೇ ಬಂದಿರುತ್ತೆ. ನನ್ನ ಅನುಭವದಲ್ಲಿ ಬೀಗಲ್‌ನ ವಿಶೇಷ ಇರೋದು ಆ ಹಟದಲ್ಲಿ. ಬೇರೆ ನಾಯಿ ಬೇಜಾರಾಗಿ ತಲೆ ಎತ್ತೋ ಹೊತ್ತಿಗೆ ಬೀಗಲ್‌ಗೆ ಇನ್ನೂ ರುಚಿ ಹತ್ತುತ್ತಾ ಇರುತ್ತೆ.

ಯಾಂತ್ರಿಕವಾಗಿಯೂ ನಾಯಿ ಮೂಗು ಚಂದದ ವಸ್ತು. ಮೂಸುವಾಗ ಸೆಕೆಂಡಿಗೆ ಸುಮಾರು ಐದು ಸಲ ಗಾಳಿ ಎಳೆಯುತ್ತೆ. ಬಿಡೋ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುತ್ತೆ, ಹಾಗಾಗಿ ಮುಂದಿರೋ ವಾಸನೆ ಚದುರಲ್ಲ. ನಿಮ್ಮ ನಾಯಿ ಧೂಳಿನ ನೆಲ ಮೂಸುವಾಗ ಬಗ್ಗಿ ನೋಡಿ, ಮೂಗಿನ ಎರಡೂ ಪಕ್ಕ ಸಣ್ಣಗೆ ಧೂಳು ಏಳುತ್ತೆ. 1993ರಲ್ಲಿ ನಾರ್ವೆಯ ಸಂಶೋಧಕರು ಜರ್ಮನ್ ಶೆಫರ್ಡ್‌ಗಳ ಮೇಲೆ ಪರೀಕ್ಷೆ ಮಾಡಿದಾಗ, ಮನುಷ್ಯ ನಡೆದ ದಾರಿಯ ಎರಡರಿಂದ ಐದು ಹೆಜ್ಜೆ ಮೂಸಿದ ಮೇಲೆ ಆತ ಯಾವ ದಿಕ್ಕಿಗೆ ಹೋದ ಅಂತ ಅವು ಕಂಡುಹಿಡಿದವು.

ಕಿವಿಯ ಕಥೆ ಕೇಳೋಕೆ ಚೆನ್ನಾಗಿದೆ, ಅಳೆದು ತೋರಿಸಿದ್ದನ್ನ ನಾನು ನೋಡಿಲ್ಲ. ಕಿವಿ ನೆಲಕ್ಕೆ ತಾಗೋದು ಬ್ಯಾಸೆಟ್ ಅನ್ನೋ ಗಿಡ್ಡ ಕಾಲಿನ ತಳಿಗೆ. ಬೀಗಲ್ ಕಿವಿ ಅಷ್ಟು ಕೆಳಗೆ ಬರೋದೇ ಇಲ್ಲ.

ಬ್ಯಾಸೆಟ್ ಪಕ್ಷ:
ನಮ್ಮವಳ ಕಿವಿ ನೆಲ ಗುಡಿಸುತ್ತೆ, ನೀರಿನ ಬಟ್ಟಲು ಗುಡಿಸುತ್ತೆ, ಊಟದ ತಟ್ಟೆಯನ್ನೂ ಗುಡಿಸುತ್ತೆ. ವಾಸನೆ ಗುಡಿಸಿದ್ದು ಮಾತ್ರ ನಾನೂ ಕಾಣೆ.

ಅಂಗಳದವಳು:
ಓದ್ತಾ ಓದ್ತಾ ಆಸೆ ಜಾಸ್ತಿ ಆಗ್ತಿದೆ, ಭಯವೂ ಜಾಸ್ತಿ ಆಗ್ತಿದೆ. ಹಾಗಾದ್ರೆ ಬೆಲ್ಟ್ ಬಿಚ್ಚಿ ಓಡಾಡಿಸೋ ಹಾಗೇ ಇಲ್ವಾ?

ಎರಡು ಬಾಲ:
ಇಲ್ಲ ಅಂತ ಯಾರು ಹೇಳಿದ್ದು? ನಮ್ಮನೇಲಿ ಎರಡಿವೆ, ಎರಡೂ ಬೆಲ್ಟ್ ಇಲ್ಲದೆ ತಿರುಗ್ತವೆ. ಚಿಕ್ಕಂದಿನಿಂದ ಸೀಟಿ ಊದಿ ಟ್ರೀಟ್ ಕೊಟ್ಟು ಅಭ್ಯಾಸ ಮಾಡಿಸಿದ್ದೀವಿ. ಸೀಟಿ ಕೇಳಿದ್ರೆ ಕಿವಿ ಹಾರಿಸ್ಕೊಂಡು ಬರ್ತವೆ. ಬೀಗಲ್ ಕಲಿಯಲ್ಲ ಅನ್ನೋದು ಸೋಮಾರಿಗಳ ಮಾತು.

ನೆಲಮೂಗು:
ಎರಡು ಬಾಲ, ನಿಮ್ಮ ಸೀಟಿ ಅಭ್ಯಾಸಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಸೀಟಿ ಊದಿದಾಗ ಅವುಗಳ ತಲೆ ಮೇಲಿತ್ತೋ ಕೆಳಗಿತ್ತೋ ಹೇಳಿ. ತಲೆ ಮೇಲಿದ್ರೆ ಯಾವ ನಾಯಿಯಾದರೂ ಬರುತ್ತೆ. ಬಿಸಿ ಜಾಡಿನ ಮೇಲೆ ಮೂಗಿಟ್ಟು, ಬಾಲ ನೆಟ್ಟಗೆ ಮಾಡ್ಕೊಂಡು, ಆ ಕೊರಳು ಶುರು ಮಾಡಿದ ಮೇಲೆ ನಿಮ್ಮ ಸೀಟಿ ಅದಕ್ಕೆ ಕೇಳಿಸೋದೇ ಇಲ್ಲ. ಒಂದೊಂದು ನಾಯಿ ಬರಬಹುದು. ಹೊಸದಾಗಿ ಸಾಕೋರಿಗೆ ಅದನ್ನ ನಂಬಿ ಅಂತ ಹೇಳಬೇಡಿ. ರಸ್ತೆ ಅನ್ನೋದು ಒಂದಿದೆ.

ಎರಡು ಬಾಲ:
ಬೇಲಿ ಹಾಕಿದ ಬಯಲಲ್ಲಿ ಬಿಡೋದು ನಾವು. ರಸ್ತೆ ಪಕ್ಕ ಅಲ್ಲ.

ನೆಲಮೂಗು:
ಅದನ್ನ ಮೊದಲೇ ಹೇಳಬೇಕಿತ್ತಲ್ಲಪ್ಪ.

ಜಾಡುಗಾರ:
ಇಬ್ಬರೂ ಹೇಳ್ತಿರೋದು ಹೆಚ್ಚು ಕಡಿಮೆ ಒಂದೇ. ಮೇಡಂ, ಕೆಲಸಕ್ಕೆ ಬರೋ ದಾರಿ ಹೇಳ್ತೀನಿ.

ಹತ್ತು ಮೀಟರ್ ಉದ್ದದ ಹಗುರ ಹಗ್ಗ, ಎದೆಗೆ ಹಾಕೋ ಹಾರ್ನೆಸ್. ಕಾಲರ್‌ಗೆ ಉದ್ದ ಹಗ್ಗ ಕಟ್ಟಬೇಡಿ, ಓಡಿ ಹೋಗಿ ಹಗ್ಗ ಮುಗಿದಾಗ ಕುತ್ತಿಗೆಗೆ ಏಟು ಬೀಳುತ್ತೆ. ಬೀಗಲ್‌ಗಳ ಕುತ್ತಿಗೆ, ಬೆನ್ನು ಮೊದಲೇ ಸೂಕ್ಷ್ಮ. ಹಗ್ಗವನ್ನ ಕೈಗೆ ಸುತ್ತಿಕೊಳ್ಳಲೂ ಬೇಡಿ, ನೆಲದ ಮೇಲೆ ಹರಿಯೋಕೆ ಬಿಟ್ಟು ತುದಿ ಹಿಡೀರಿ.

ಕರೆಯೋದನ್ನ ಕಲಿಸುವಾಗ ಬಹಳ ಜನ ಬಿಟ್ಟುಬಿಡೋ ಅಂಶ ಒಂದಿದೆ. ನಾಯಿ ಬಂದ ತಕ್ಷಣ ಬೆಲ್ಟ್ ಹಾಕಿ ಮನೆಗೆ ಕರ್ಕೊಂಡು ಹೋದ್ರೆ, "ಬಾ" ಅಂದ್ರೆ ಆಟ ಮುಗೀತು ಅಂತ ಅದು ಕಲಿಯುತ್ತೆ. ಬಂದಾಗ ಟ್ರೀಟ್ ಕೊಡಿ, ಕೊಟ್ಟು "ಹೋಗು, ಮೂಸು" ಅಂತ ವಾಪಸ್ ಅದೇ ಜಾಗಕ್ಕೆ ಕಳಿಸಿ. ಬೀಗಲ್‌ಗೆ ಬಿಸ್ಕತ್ತಿಗಿಂತ ದೊಡ್ಡ ಬಹುಮಾನ ವಾಸನೆ. ಆ ಬಹುಮಾನ ನಿಮ್ಮ ಕೈಯಿಂದ ಸಿಗುತ್ತೆ ಅಂತಾದರೆ ನಿಮ್ಮ ಮಾತಿಗೂ ಬೆಲೆ ಬರುತ್ತೆ. ಮೂಗಿನ ಜೊತೆ ಪೈಪೋಟಿಗೆ ಇಳಿದವರು ಯಾರೂ ಗೆದ್ದಿದ್ದನ್ನ ನಾನು ನೋಡಿಲ್ಲ.

ಹೊತ್ತನ್ನೂ ಆರಿಸಿಕೊಳ್ಳಿ. ಬೆಳಗಿನ ತಂಪಿನಲ್ಲಿ, ನೆಲ ಒದ್ದೆ ಇದ್ದಾಗ, ವಾಸನೆ ಗಟ್ಟಿಯಾಗಿ ನಿಲ್ಲುತ್ತೆ. ಒಣ ನೆಲದಲ್ಲಿ ಬಿಸಿಲೇರಿದ ಮೇಲೆ ಬೇಗ ಆರುತ್ತೆ. ಕರೆಯೋ ಪಾಠವನ್ನ ಒಣಗಿದ ಹೊತ್ತಿನಲ್ಲಿ ಶುರು ಮಾಡಿ, ಆಮೇಲೆ ಕಷ್ಟದ ಹೊತ್ತಿಗೆ ಬನ್ನಿ.

ಅಂಗಳದವಳು:
ಅಕಸ್ಮಾತ್ ತಪ್ಪಿಸಿಕೊಂಡು ಓಡಿತು ಅಂದ್ರೆ? ಹಿಂದೆ ಓಡಬೇಕಾ?

ನೆಲಮೂಗು:
ಓಡಬೇಡಿ. ಹಿಂದೆ ಯಾರಾದ್ರೂ ಓಡಿ ಬಂದ್ರೆ ಗುಂಪು ಬಂತು ಅಂತ ಅದಕ್ಕೆ ಇನ್ನೂ ಹುರುಪು. ಮೊಲ ಓಡೋದು ಸಾಮಾನ್ಯವಾಗಿ ಸುತ್ತು ಹಾಕಿ, ತನ್ನ ಜಾಗಕ್ಕೇ ತಿರುಗಿ ಬರುತ್ತೆ. ಅದರ ಹಿಂದೆ ಹೋದ ನಾಯಿಯೂ ಎಷ್ಟೋ ಸಲ ಹೊರಟ ಜಾಗಕ್ಕೇ ಬರುತ್ತೆ. ಹಾಗಾಗಿ ಬಿಟ್ಟ ಜಾಗದಲ್ಲೇ ಒಬ್ಬರು ಇರಿ. ಕತ್ತಲಾದರೆ ನೀವು ತೊಟ್ಟಿದ್ದ ಅಂಗಿಯನ್ನ ಅಲ್ಲೇ ನೆಲದ ಮೇಲೆ ಹಾಸಿ, ಒಂದು ಬಟ್ಟಲು ನೀರಿಟ್ಟು, ಬೆಳಕು ಹರಿಯೋ ಮೊದಲು ಹೋಗಿ ನೋಡಿ. ಬೇಟೆಯವರು ತಲೆತಲಾಂತರದಿಂದ ಮಾಡ್ಕೊಂಡು ಬಂದ ಉಪಾಯ ಇದು. ಅಂಗಿಯ ಮೇಲೆ ಸುರುಳಿ ಸುತ್ತಿ ಮಲಗಿರೋ ನಾಯಿಯನ್ನ ನಾನೇ ಎತ್ತಿಕೊಂಡು ಬಂದಿದ್ದೀನಿ. ಮೈಕ್ರೋಚಿಪ್ ಹಾಕಿಸಿ, ಕಾಲರ್ ಮೇಲೆ ಫೋನ್ ನಂಬರ್ ಬರೆಸಿ. ಆ ಎದೆಮಟ್ಟದ ಬೇಲಿ ಸಾಲದು. ಒಂದೂವರೆ ಮೀಟರ್ ಆದರೂ ಇರಲಿ. ಎತ್ತರಕ್ಕಿಂತ ಬುಡ ಮುಖ್ಯ, ಯಾಕಂದ್ರೆ ಬೀಗಲ್ ಹಾರೋದಕ್ಕಿಂತ ತೋಡೋದರಲ್ಲಿ ಜಾಣ. ಬೇಲಿ ಬುಡದಲ್ಲಿ ತಂತಿ ಜಾಲರಿಯನ್ನ ಒಳಗಡೆಗೆ ಮಡಚಿ ಒಂದು ಅಡಿ ಅಗಲಕ್ಕೆ ಮಣ್ಣಲ್ಲಿ ಹೂಳಿ.

ಸಂಜೆಪಾಳಿ ವೈದ್ಯೆ:
ನಾನು ಪಶುವೈದ್ಯೆ. ಓಡಿಹೋದ ಬೀಗಲ್‌ಗಿಂತ ಊದಿಹೋದ ಬೀಗಲ್ ನನ್ನ ಹತ್ತಿರ ಬರೋದು ಜಾಸ್ತಿ. ಈ ಚರ್ಚೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ, ಅದಕ್ಕೇ ಬರೀತಿದ್ದೀನಿ.

ಬೀಗಲ್‌ಗೆ ಹೊಟ್ಟೆ ತುಂಬಿತು ಅನ್ನೋದು ಇಲ್ಲವೇ ಇಲ್ಲ ಅಂದುಕೊಳ್ಳಿ. ಆ ಕಣ್ಣು ನೋಡಿ ಕೊಡ್ತಾ ಹೋದ್ರೆ ವರ್ಷದೊಳಗೆ ಸೊಂಟ ಕಾಣೆಯಾಗುತ್ತೆ. ಲೆಕ್ಕ ಹೇಳ್ತೀನಿ. ನಾಯಿಯ ತೂಕದ ಕಿಲೋವನ್ನ 0.75 ಘಾತಕ್ಕೇರಿಸಿ 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವಾಗ ಬೇಕಾದ ಕ್ಯಾಲೊರಿ ಸಿಗುತ್ತೆ. 11 ಕಿಲೋ ಬೀಗಲ್‌ಗೆ ಅದು ಸುಮಾರು 420. ಸಂತಾನಹರಣ ಚಿಕಿತ್ಸೆ ಆದ, ದಿನಾ ವಾಕಿಂಗ್ ಹೋಗೋ ವಯಸ್ಕ ನಾಯಿಗೆ ಅದರ 1.4ರಿಂದ 1.6 ಪಟ್ಟು, ಅಂದರೆ 590ರಿಂದ 680 ಕ್ಯಾಲೊರಿ. ಇಡೀ ದಿನಕ್ಕೆ ಅಷ್ಟೇ. ಇದರಲ್ಲಿ ಟ್ರೀಟ್ ಪಾಲು ಹತ್ತನೇ ಒಂದು ಭಾಗ ದಾಟಬಾರದು. ಜಾಡುಗಾರರು ಹೇಳಿದ ಹಾಗೆ ತರಬೇತಿಗೆ ಟ್ರೀಟ್ ಬೇಕೇ ಬೇಕು, ಅದಕ್ಕೆ ದಿನದ ಪಾಲಿನ ಕಿಬಲ್‌ನಲ್ಲೇ (ಅಂಗಡಿಯ ಒಣ ನಾಯಿ ಆಹಾರ) ಒಂದು ಹಿಡಿ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಕ್ಯಾರೆಟ್ ಚೂರು, ಬೇಯಿಸಿದ ಬೀನ್ಸ್ ಕೂಡ ಆಗುತ್ತೆ. ಕಪ್ಪಿನಲ್ಲಿ ಅಳೆಯೋದು ಬೇಡ, ತೂಕದ ಮಾಪಕದಲ್ಲಿ ಗ್ರಾಂ ಲೆಕ್ಕದಲ್ಲಿ ಅಳೆಯಿರಿ.

ಪರೀಕ್ಷೆ ಸುಲಭ. ಪಕ್ಕೆ ಮೇಲೆ ಅಂಗೈ ಆಡಿಸಿದರೆ ಒತ್ತದೇ ಪಕ್ಕೆಲುಬು ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಒಳಗೆ ಸರಿದಿರಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಊಟ ಕಡಿಮೆ ಮಾಡೋ ಹೊತ್ತು.

ಕದ್ದು ತಿನ್ನೋದರ ಬಗ್ಗೆ ಒಂದು ಎಚ್ಚರಿಕೆ. ಕಸದ ಬುಟ್ಟಿಗೆ ಗಟ್ಟಿ ಮುಚ್ಚಳ ಹಾಕಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಜೈಲಿಟಾಲ್ ಅನ್ನೋ ಸಿಹಿ ಹಾಕಿದ ಸಕ್ಕರೆರಹಿತ ಚೂಯಿಂಗ್ ಗಮ್, ಇವೆಲ್ಲ ನಾಯಿಗೆ ವಿಷ. ಮಗಳ ಸ್ಕೂಲ್ ಬ್ಯಾಗಿನ ಒಳಜೇಬಲ್ಲಿ ಗಮ್ ಇದ್ರೂ ಬೀಗಲ್‌ಗೆ ಗೊತ್ತಾಗುತ್ತೆ, ಜಿಪ್ ತೆಗೆಯೋದೂ ಕಲಿಯುತ್ತೆ. ತಿಂದದ್ದು ಗೊತ್ತಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಲಕ್ಷಣ ಕಾಣಲಿ ಅಂತ ಕಾಯಬೇಡಿ.

ಎರಡು ಬಾಲ:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಮಗು ಇರೋ ಮನೆ ಅಂದ್ರಲ್ಲ. ಬೀಗಲ್ ಏನಾದ್ರೂ ಕದ್ದು ಮೇಜಿನ ಕೆಳಗೆ ಹೋದಾಗ ಮಗು ಕೈ ಹಾಕಿ ಕಿತ್ತುಕೊಳ್ಳೋಕೆ ಹೋಗಬಾರದು. ಸಾಧು ನಾಯಿಯೂ ಅಂಥ ಹೊತ್ತಲ್ಲಿ ಗುರ್ ಅನ್ನುತ್ತೆ. ಬೇರೆ ಏನಾದ್ರೂ ತೋರಿಸಿ, ಅದು ಬಾಯಿಂದ ಬಿಟ್ಟ ಮೇಲೆ ಎತ್ತಿಕೊಳ್ಳಬೇಕು. "ಬಿಡು" ಅನ್ನೋದನ್ನ ಮೊದಲ ವಾರದಿಂದಲೇ ಆಟದ ಥರ ಕಲಿಸಿ. ಎರಡು ನಾಯಿ ಇದ್ರೆ ಊಟ ಬೇರೆ ಬೇರೆ ಕೋಣೆಯಲ್ಲಿ ಹಾಕಿ, ಇಲ್ಲಾಂದ್ರೆ ಬೇಗ ತಿಂದವನು ಇನ್ನೊಬ್ಬನ ತಟ್ಟೆಗೆ ಹಾಜರ್.

ಕಿವುಡಾದ ನೆರೆಮನೆ:
ಊಟ ಆಯ್ತು, ಓಟ ಆಯ್ತು. ಈಗ ನನ್ನ ಸಮಸ್ಯೆಗೆ ಬನ್ನಿ. ಪಕ್ಕದ ಮನೆಯವರು ಬಾಗಿಲು ಹಾಕ್ಕೊಂಡು ಹೋದ ಹತ್ತು ನಿಮಿಷಕ್ಕೆ ಶುರು. ಅವರು ಬರೋವರೆಗೂ. ಅವರಿಗೆ ಹೇಳಿದ್ರೆ "ಇಲ್ಲ, ನಾವಿದ್ದಾಗ ಸುಮ್ನಿರುತ್ತಲ್ಲ" ಅಂತಾರೆ. ನೀವಿದ್ದಾಗ ಸುಮ್ಮನಿರುತ್ತೆ ಸ್ವಾಮಿ, ನೀವಿಲ್ಲದಾಗಿನ ಕಥೆ ನಾನು ಹೇಳ್ತಿರೋದು!

ಜಾಡುಗಾರ:
ನಿಮ್ಮ ಪರಿಸ್ಥಿತಿಗೆ ಮರುಕ ಇದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವರಿಗೆ ಕೇಳಿಸಿ. ಜಗಳಕ್ಕಲ್ಲ, ಅವರಿಗೆ ನಿಜವಾಗಲೂ ಗೊತ್ತಿರಲಿಕ್ಕಿಲ್ಲ.

ಬೀಗಲ್‌ಗೆ ಮೂರು ಥರದ ದನಿ. ಬಾಗಿಲ ಬೆಲ್ ಆದಾಗಿನ ಬೊಗಳು ಎಲ್ಲ ನಾಯಿಗಳಂಥದ್ದೇ. ಜಾಡು ಸಿಕ್ಕಾಗ ಬರೋದು ಎಳೆದೆಳೆದು ಕೂಗೋ ಕೂಗು, ಬೇಟೆಯವರಿಗೆ ಅದೇ ಸಂಗೀತ. ಮೂರನೇದು ಊಳು, ತಲೆ ಮೇಲೆತ್ತಿ ಒಂದೇ ಉಸಿರಲ್ಲಿ ಉದ್ದಕ್ಕೆ, ಇದು "ಎಲ್ಲಿದ್ದೀರಿ ಎಲ್ಲರೂ" ಅಂತ ಗುಂಪನ್ನ ಕರೆಯೋದು. ನೀವು ಕೇಳ್ತಿರೋದು ಮೂರನೇದು. ಗುಂಪಿನ ಪ್ರಾಣಿ ಒಂಟಿಯಾಗಿದೆ. ಅದಕ್ಕೆ ಬೈದು ಪ್ರಯೋಜನ ಇಲ್ಲ, ಶಾಕ್ ಕೊಡೋ ಕಾಲರ್ ಹಾಕಿದ್ರೆ ಹೆದರಿಕೆ ಮೇಲೆ ಇನ್ನೊಂದು ಹೆದರಿಕೆ ಸೇರುತ್ತೆ ಅಷ್ಟೇ. ದನಿ ತೆಗೆಸೋ ಆಪರೇಶನ್ ಬಗ್ಗೆ ಕೆಲವರು ಕೇಳ್ತಾರೆ. ನಾಯಿಯ ಸಂಕಟ ಹಾಗೇ ಇರುತ್ತೆ, ಹೇಳ್ಕೊಳ್ಳೋ ದಾರಿ ಮಾತ್ರ ಮುಚ್ಚುತ್ತೆ. ಬ್ರಿಟನ್ನಿನಲ್ಲಿ ಅದಕ್ಕೆ ಅನುಮತಿಯೇ ಇಲ್ಲ.

ಒಂಟಿಯಾಗಿರೋದನ್ನ ಕಲಿಸಬೇಕು. ಬಾಗಿಲಾಚೆ ಅರ್ಧ ನಿಮಿಷ ನಿಂತು ವಾಪಸ್ ಬರೋದು, ಆಮೇಲೆ ಒಂದು ನಿಮಿಷ, ಆಮೇಲೆ ಮೂರು. ನಾಯಿ ಗಾಬರಿಯಾಗೋ ಮೊದಲೇ ಒಳಗೆ ಬಂದಿರಬೇಕು. ಹೊರಗೆ ಹೋಗೋ ಮುಂಚೆ ಒಂದು ಗಂಟೆ ನಡೆಸಿ, ಆದರೆ ನಡಿಗೆ ಅಂದ್ರೆ ಪಕ್ಕದಲ್ಲೇ ಸರಸರ ನಡೆಸೋದಲ್ಲ. ಮೂಸಲು ಬಿಡಿ. ಒಂದು ಕಂಬದ ಬುಡದಲ್ಲಿ ಎರಡು ನಿಮಿಷ ನಿಂತರೆ ನೀವೂ ನಿಲ್ಲಿ. ನನ್ನ ಅನುಭವದಲ್ಲಿ ಇಪ್ಪತ್ತು ನಿಮಿಷ ಮೂಸಿದ ಬೀಗಲ್, ಒಂದು ಗಂಟೆ ಎಳೆದಾಡಿಸಿಕೊಂಡು ನಡೆದ ಬೀಗಲ್‌ಗಿಂತ ಚೆನ್ನಾಗಿ ಮಲಗುತ್ತೆ.

ಮನೆಯಲ್ಲೂ ಮೂಗಿಗೆ ಕೆಲಸ ಕೊಡಿ. ಕಿಬಲ್ ಅನ್ನ ಬಟ್ಟಲಲ್ಲಿ ಹಾಕೋ ಬದಲು ಹಿತ್ತಲ ಹುಲ್ಲಿನಲ್ಲಿ ಎರಚಿ. ಹಳೇ ಟವೆಲ್ ಮಡಿಕೆಯಲ್ಲಿ ಸುತ್ತಿಡಿ. ನಾಲ್ಕು ಡಬ್ಬ ಜೋಡಿಸಿ ಒಂದರ ಕೆಳಗೆ ಇಡಿ, ಮಗಳೇ ಬಚ್ಚಿಡಲಿ. 1984ರಿಂದ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲದಲ್ಲಿ ಬಚ್ಚಿಟ್ಟ ಹಣ್ಣು, ಮಾಂಸ ಹುಡುಕೋಕೆ ಬೀಗಲ್‌ಗಳನ್ನ ಬಳಸ್ತಿದ್ದಾರೆ. ಶುರುವಾದದ್ದು ಲಾಸ್ ಏಂಜಲೀಸ್‌ನಲ್ಲಿ. ಚಿಕ್ಕ ನಾಯಿ, ಜನ ಹೆದರಲ್ಲ, ತಿಂಡಿಗೋಸ್ಕರ ದಿನವಿಡೀ ಕೆಲಸ ಮಾಡುತ್ತೆ. ಸಿಕ್ಕಿದ ತಕ್ಷಣ ಬೊಗಳದೆ ಚೀಲದ ಪಕ್ಕ ಸುಮ್ಮನೆ ಕೂರೋದನ್ನ ಕಲಿಸಿರ್ತಾರೆ. ಬೀಗಲ್‌ಗೆ ಪಾಠ ಹತ್ತಲ್ಲ ಅನ್ನೋರು ಅದನ್ನ ನೋಡಬೇಕು.

ಅಂಗಳದವಳು:
ಬಚ್ಚಿಡೋ ಆಟ ಮಗಳಿಗೆ ಓದಿ ಹೇಳಿದೆ, ಈಗಾಗಲೇ ಡಬ್ಬ ಆರಿಸಿಟ್ಟಿದ್ದಾಳೆ. ಡಾಕ್ಟ್ರೇ, ಕಾಯಿಲೆ ವಿಷಯ ಹೇಳಿ. ಮರಿ ತರುವಾಗ ಏನು ನೋಡಬೇಕು? "ಪಾಕೆಟ್ ಬೀಗಲ್" ಅಂತ ಒಬ್ಬರು ಎರಡು ಪಟ್ಟು ದುಡ್ಡು ಹೇಳ್ತಿದ್ದಾರೆ.

ಸಂಜೆಪಾಳಿ ವೈದ್ಯೆ:
ಪಾಕೆಟ್ ಬೀಗಲ್ ಅಂತ ಮಾನ್ಯತೆ ಇರೋ ತಳಿ ಇವತ್ತಿಲ್ಲ. ಒಂದನೇ ಎಲಿಜಬೆತ್ ರಾಣಿ ಕಾಲದಲ್ಲಿ ತುಂಬ ಗಿಡ್ಡ ಬೀಗಲ್‌ಗಳಿದ್ದವು ಅನ್ನೋದು ನಿಜ, ಆ ವಂಶ ಉಳಿದಿಲ್ಲ. ಅಮೆರಿಕನ್ ಕೆನ್ನೆಲ್ ಕ್ಲಬ್ ಎರಡು ಅಳತೆ ಒಪ್ಪುತ್ತೆ: ಭುಜದ ಹತ್ತಿರ 13 ಇಂಚಿನವರೆಗೆ ಒಂದು, 13ರಿಂದ 15 ಇಂಚಿನವರೆಗೆ ಇನ್ನೊಂದು. ಬ್ರಿಟನ್ನಿನಲ್ಲಿ 13ರಿಂದ 16 ಇಂಚು. ಅದಕ್ಕಿಂತ ಗಿಡ್ಡ ಅಂತ ಹೆಚ್ಚಿಗೆ ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಗಿಡ್ಡವಾಗಿರೋದೇ ಒಂದು ರೋಗದ ಗುರುತಾಗಿರಬಹುದು. ಮಸ್ಲಾಡಿನ್–ಲ್ಯೂಕ್ ಸಿಂಡ್ರೋಮ್ ಅಂತ ಬೀಗಲ್‌ಗಳಲ್ಲಿ ಆನುವಂಶಿಕ ಕಾಯಿಲೆ ಇದೆ. ಮರಿಗಳು ಚಿಕ್ಕದಾಗಿ, ಬಿಗಿದ ಚರ್ಮ, ಬಿಗಿದ ಕೀಲಿನ ಜೊತೆ ತುದಿಗಾಲಲ್ಲಿ ನಡೆಯುತ್ತವೆ. ನೋಡೋಕೆ ಮುದ್ದಾಗಿ ಕಾಣುತ್ತೆ. ಇದಕ್ಕೆ ಡಿಎನ್ಎ ಪರೀಕ್ಷೆ ಇದೆ. ರಕ್ತ ಹೆಪ್ಪುಗಟ್ಟೋದು ನಿಧಾನವಾಗೋ ಫ್ಯಾಕ್ಟರ್ 7 ಕೊರತೆಗೂ ಇದೆ. ತಂದೆ ತಾಯಿ ನಾಯಿಗಳ ವರದಿ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡೋರ ಹತ್ತಿರ ಮರಿ ತರಬೇಡಿ.

ಬೆಳೆಯೋ ವಯಸ್ಸಲ್ಲಿ, ಅಂದರೆ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ, ಜ್ವರ ಬಂದು ಕುತ್ತಿಗೆ ತಿರುಗಿಸೋಕೇ ಆಗದೆ ತಲೆ ತಗ್ಗಿಸಿ ನಿಂತಿದ್ರೆ ತಡ ಮಾಡಬೇಡಿ. ಮೆದುಳು ಬಳ್ಳಿಯ ಪೊರೆಯ ಉರಿಯೂತ ಅದು, ಬೀಗಲ್‌ಗಳಲ್ಲಿ ಕಾಣಿಸುತ್ತೆ. ಸ್ಟೆರಾಯ್ಡ್‌ನಿಂದ ಸಾಮಾನ್ಯವಾಗಿ ವಾಸಿಯಾಗುತ್ತೆ, ಆದರೆ ತಿಂಗಳುಗಟ್ಟಲೆ ಕೊಡಬೇಕು. ಕಣ್ಣಿನ ಒಳಮೂಲೆಯಲ್ಲಿ ಕೆಂಪು ಗೆಡ್ಡೆ ಥರ ಎದ್ದರೆ ಅದು ಚೆರ್ರಿ ಐ. ಅದನ್ನ ಕತ್ತರಿಸಿ ಹಾಕೋಕೆ ಒಪ್ಪಬೇಡಿ. ಕಣ್ಣೀರು ಮಾಡೋ ಗ್ರಂಥಿ ಅದು, ಒಳಗೆ ಕೂರಿಸಿ ಹೊಲಿಯಬೇಕು. ಮೂರ್ಛೆ, ಥೈರಾಯ್ಡ್ ಕೊರತೆ, ಬೆನ್ನುಹುರಿ ಡಿಸ್ಕ್ ತೊಂದರೆ ಕೂಡ ಈ ತಳಿಯಲ್ಲಿ ಉಂಟು. ಡಿಸ್ಕ್ ಅಂದೆನಲ್ಲ, ಮತ್ತೆ ತೂಕದ ಮಾತಿಗೇ ಬರಬೇಕಾಗುತ್ತೆ. ಇಷ್ಟೆಲ್ಲ ಕೇಳಿ ಹೆದರಬೇಡಿ, ಚೆನ್ನಾಗಿ ನೋಡಿಕೊಂಡ ಬೀಗಲ್ 12ರಿಂದ 15 ವರ್ಷ ಬದುಕುತ್ತೆ.

ದಿನನಿತ್ಯದ ಕೆಲಸ ಅಂದರೆ ಕಿವಿ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡಲ್ಲ, ತೇವ ನಿಂತು ಸೋಂಕಾಗುತ್ತೆ. ವಾರಕ್ಕೊಮ್ಮೆ ಕಿವಿ ಎತ್ತಿ ಮೊದಲು ಮೂಸಿ, ನೀವೇ. ಹುಳಿ ವಾಸನೆ ಬಂದರೆ, ಕಂದು ಬಣ್ಣದ ಕೊಳೆ ಕಂಡರೆ, ನಾಯಿ ಪದೇ ಪದೇ ತಲೆ ಒದರಿದರೆ ಡಾಕ್ಟರಿಗೆ ತೋರಿಸಿ. ಚೆನ್ನಾಗಿದ್ದರೆ ಕಿವಿ ತೊಳೆಯೋ ದ್ರಾವಣ ಒಳಗೆ ತುಂಬ ಹನಿಸಿ, ಕಿವಿಯ ಬುಡವನ್ನ ಹೊರಗಿನಿಂದ ಬೆರಳಲ್ಲಿ ನೀವಿ. ಒಳಗೆ ಪಚಪಚ ಸದ್ದು ಬರಬೇಕು. ಆಮೇಲೆ ಬಿಟ್ಟು ಹಿಂದೆ ಸರೀರಿ, ಒಂದೇ ಸಲ ತಲೆ ಕೊಡವುತ್ತೆ, ಕೊಳೆಯೆಲ್ಲ ಮೇಲೆ ಬರುತ್ತೆ, ಸ್ವಲ್ಪ ನಿಮ್ಮ ಮೇಲೂ. ಕಾಣುವಷ್ಟನ್ನ ಹತ್ತಿಯಿಂದ ಒರೆಸಿ. ಇಯರ್ ಬಡ್ ಒಳಗೆ ಹಾಕಲೇಬೇಡಿ.

ಕೂದಲು ಗಿಡ್ಡ ಅಂತ ಉದುರಲ್ಲ ಅಂದುಕೊಳ್ಳಬೇಡಿ. ಉದುರುತ್ತೆ. ವಾರಕ್ಕೆ ಒಂದೆರಡು ಸಲ ಬಾಚಿ.

ಬ್ಯಾಸೆಟ್ ಪಕ್ಷ:
ಕಿವಿ ಬಗ್ಗೆ ಹೇಳಿದ್ದು ನಮ್ಮವಳಿಗೆ ಎರಡು ಪಟ್ಟು ಅನ್ವಯ. ಊಟಕ್ಕೆ ಮುಂಚೆ ಕಿವಿಗೆ ಪಟ್ಟಿ ಕಟ್ಟುತ್ತೀವಿ, ಅವಳಿಗೆ ಅವಮಾನ ಏನಿಲ್ಲ.

ಲೆಕ್ಕದವ:
ಮರಿಯೇ ಯಾಕೆ? ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾಗೋ ನಾಯಿ ಬೀಗಲ್, ಸಾಧು ಅನ್ನೋದೂ ಅದಕ್ಕೊಂದು ಕಾರಣ. 2022ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಪ್ರಯೋಗಾಲಯಗಳಿಗೆ ನಾಯಿ ಬೆಳೆಸ್ತಿದ್ದ ಒಂದೇ ಕೇಂದ್ರದಿಂದ ಸುಮಾರು 4,000 ಬೀಗಲ್ ಬಿಡಿಸಿ ಮನೆಗಳಿಗೆ ಕೊಟ್ಟರು. ದೊಡ್ಡ ನಾಯಿ ದತ್ತು ತಗೊಂಡ್ರೆ ಸ್ವಭಾವ ಮೊದಲೇ ಕಣ್ಣಿಗೆ ಕಾಣುತ್ತೆ, ಮರಿಯ ಗೋಳೂ ಇರಲ್ಲ.

ನೆಲಮೂಗು:
ಒಳ್ಳೇ ಮಾತು. ಉಚ್ಚೆ ಅಭ್ಯಾಸ ಮಾಡಿಸೋ ಕೆಲಸ ಒಂದು ತಪ್ಪುತ್ತೆ, ಬೀಗಲ್ ಮರಿಗಳು ಅದರಲ್ಲಿ ನಿಧಾನ. ಮರಿನೇ ತಂದರೆ ಒಂದು ನೆನಪಿಡಿ: ಒಮ್ಮೆ ಮಾಡಿದ ಜಾಗವನ್ನ ಬರೀ ಫಿನೈಲ್ ಹಾಕಿ ಒರೆಸಿದರೆ ನಿಮ್ಮ ಮೂಗಿಗೆ ಹೋಗುತ್ತೆ, ಅದರ ಮೂಗಿಗೆ ಹೋಗಲ್ಲ. ಮತ್ತೆ ಅಲ್ಲೇ ಹೋಗಿ ನಿಲ್ಲುತ್ತೆ. ಎಂಜೈಮ್ ಇರೋ ಕ್ಲೀನರ್ ಸಿಗುತ್ತೆ, ಅದನ್ನ ತನ್ನಿ.

ಅಂಗಳದವಳು:
ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ಋಣಿ. ನಮ್ಮ ಯಜಮಾನರು ದೊಡ್ಡ ನಾಯಿ ದತ್ತು ತಗೊಳ್ಳೋದಕ್ಕೆ ಒಪ್ಪಿದ್ದಾರೆ. ನಾಲ್ಕು ವರ್ಷದ ಹೆಣ್ಣು ಬೀಗಲ್ ಒಂದಿದೆ, ಭಾನುವಾರ ನೋಡೋಕೆ ಹೋಗ್ತೀವಿ. ಕೊನೇದಾಗಿ ಒಂದು ಪ್ರಶ್ನೆ, ಮಗಳು ಒಂದು ಮೊಲ ಸಾಕಿದ್ದಾಳೆ. ಅದಕ್ಕೇನೂ ತೊಂದರೆ ಆಗಲ್ಲ ಅಲ್ವಾ?

ಕಿವುಡಾದ ನೆರೆಮನೆ:
ಮೇಡಂ, ಮೇಲಿನದೆಲ್ಲ ಓದಿದ್ರಾ?

ನೆಲಮೂಗು:
ಇದನ್ನ ಮೊದಲನೇ ಸಾಲಲ್ಲೇ ಹೇಳಬೇಕಿತ್ತು ತಾಯಿ. ಇನ್ನೂರು ವರ್ಷ ಮೊಲದ ಹಿಂದೆ ಓಡಿದ ವಂಶ ಅದು.

ಎರಡು ಬಾಲ:
ನಮ್ಮನೇಲಿ ಬೆಕ್ಕಿನ ಜೊತೆ ಚೆನ್ನಾಗೇ ಇವೆ. ಆದ್ರೆ ಬೆಕ್ಕು ಉಗುರಿಂದ ಪರಚುತ್ತೆ, ಮೇಲೆ ಹತ್ತಿ ಕೂರುತ್ತೆ. ಮೊಲಕ್ಕೆ ಹಾಗೆ ತಪ್ಪಿಸಿಕೊಳ್ಳೋಕಾಗಲ್ಲ.

ಸಂಜೆಪಾಳಿ ವೈದ್ಯೆ:
ನಾಯಿ ಮುಟ್ಟಲೇಬೇಕು ಅಂತಿಲ್ಲ, ಹೆದರಿಕೆಯಿಂದಲೇ ಮೊಲ ಮೇವು ಬಿಡುತ್ತೆ. ಮೊಲ ಮೇವು ಬಿಟ್ಟರೆ ಒಂದೇ ದಿನದಲ್ಲಿ ಕರುಳು ನಿಂತು ಜೀವಕ್ಕೆ ಕುತ್ತಾಗುತ್ತೆ. ಎರಡನ್ನೂ ಒಂದೇ ಮನೇಲಿ ಸಾಕೋಕೆ ಆಗೋದೇ ಇಲ್ಲ ಅಂತ ಹೇಳಲ್ಲ. ಮೊಲದ ಗೂಡು ಬೇರೆ ಕೋಣೆಯಲ್ಲಿ, ಚಿಲಕ ಹಾಕೋ ಬಾಗಿಲ ಹಿಂದೆ ಇರಬೇಕು. ಮೊಲವನ್ನ ಆಟಕ್ಕೆ ಹೊರಗೆ ಬಿಟ್ಟಾಗ ನಾಯಿ ಇನ್ನೊಂದು ಕೋಣೆಯಲ್ಲಿರಬೇಕು. ಯಾವತ್ತೂ ಹೀಗೇ ನಡೀಬೇಕು, ನಾಲ್ಕು ದಿನ ನೋಡಿ ಬಿಟ್ಟುಬಿಡೋ ನಿಯಮ ಅಲ್ಲ.

ಜಾಡುಗಾರ:
ಭಾನುವಾರ ಹೋಗುವಾಗ ಮೊಲದ ಗೂಡಿನ ಒಂದು ಹಿಡಿ ಹುಲ್ಲು ಚೀಲದಲ್ಲಿ ತಗೊಂಡು ಹೋಗಿ. ಬೇರೆ ಏನನ್ನೂ ಹೇಳದೆ ಅಂಗಳದ ಒಂದು ಮೂಲೆಯಲ್ಲಿ ಇಡಿ. ಅವಳು ಮೂಸಿ, ನೀವು ಕರೆದಾಗ ತಲೆ ಎತ್ತಿ ಟ್ರೀಟ್‌ಗೆ ಬಂದರೆ ಮುಂದಿನ ಮಾತು ಆಡಬಹುದು. ಬಾಲ ನೆಟ್ಟಗಾಗಿ, ಮೈ ಬಿಗಿದು, ಎಷ್ಟು ಕರೆದರೂ ಹುಲ್ಲಿನಿಂದ ಮೂಗು ತೆಗೆಯದಿದ್ದರೆ ಆ ನಾಯಿಯನ್ನ ಮೊಲ ಇಲ್ಲದ ಮನೆಗೆ ಬಿಟ್ಟುಕೊಡಿ. ಇದೊಂದೇ ಪರೀಕ್ಷೆ ನಂಬಿ ಡಾಕ್ಟರ್ ಹೇಳಿದ ಚಿಲಕ ಮರೆಯಬೇಡಿ.

ಅಂಗಳದವಳು:
ಹುಲ್ಲು ಕಟ್ಟಿಟ್ಟೆ. ಬೇಲಿಗೆ ಜಾಲರಿ ಹಾಕೋರಿಗೂ ಫೋನ್ ಮಾಡಿದ್ದೀನಿ. ಮೊಲದ ಗೂಡನ್ನ ಮಹಡಿ ಕೋಣೆಗೆ ಸಾಗಿಸ್ತಿದ್ದೀವಿ, ನಾಯಿ ಬಂದರೂ ಬರದಿದ್ದರೂ. ಭಾನುವಾರ ಆದಮೇಲೆ ಬಂದು ಬರೀತೀನಿ.